ಬಾಡಿಗೆ ಮಳಿಗೆಯ ಸಾಮಾನನ್ನು ಯಾರು ಎತ್ತಬಹುದು?

ಬಾಡಿಗೆ ಬಾಕಿ ಉಳಿಸಿಕೊಂಡ, ಇಲ್ಲವೇ ಕರಾರಿನ ಅವಧಿ ಮುಗಿದರೂ ಜಾಗ ಬಿಡದ ಅಂಗಡಿಯವನ ಸಾಮಾನು ಸರಂಜಾಮನ್ನು ಕಟ್ಟಡದ ಮಾಲೀಕ ತಾನೇ ಎತ್ತಿ ಬೀದಿಗಿಡುವ ಹಕ್ಕು ಕರ್ನಾಟಕದಲ್ಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಗೂ ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಕಡೆ ಸಿಗುವ ಸಣ್ಣ ಹೋಟೆಲಿಗೂ ಈ ಮಾತು ಒಂದೇ. ಸಾಮಾನು ಎತ್ತಿಸುವ ದಾರಿಗಳು ಮಾತ್ರ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾನೂನಿನಿಂದ ಹುಟ್ಟಿವೆ. ಅವೆಲ್ಲದರಲ್ಲೂ ಎತ್ತುವ ಕೈ ಕೋರ್ಟಿನದು ಅಥವಾ ಸರ್ಕಾರಿ ಅಧಿಕಾರಿಯದು, ಖಾಸಗಿ ಮಾಲೀಕನದಲ್ಲ.

ಇಂಗ್ಲೆಂಡಿನ ಸಂಪ್ರದಾಯ ಇದಕ್ಕೆ ತದ್ವಿರುದ್ಧವಾಗಿತ್ತು. ಬಾಡಿಗೆ ಬಾಕಿಯಾದರೆ ಮಾಲೀಕ ಕೋರ್ಟಿಗೆ ಹೋಗದೆ ಬಾಡಿಗೆದಾರನ ಸರಕನ್ನು ಜಪ್ತಿ ಮಾಡಬಹುದೆಂಬುದು ಅಲ್ಲಿನ ಹಳೆಯ ರೂಢಿ. 1689ರ ಶಾಸನವೊಂದು ಹಾಗೆ ಜಪ್ತಿಯಾದ ಸರಕನ್ನು ಐದು ದಿನ ಕಾದು ಮಾರಲೂ ಅವಕಾಶ ಕೊಟ್ಟಿತು. ಈ ಪದ್ಧತಿ ರದ್ದಾದದ್ದು ತೀರ ಈಚೆಗೆ, 2014ರ ಏಪ್ರಿಲ್‌ನಲ್ಲಿ. ವಾಣಿಜ್ಯ ಕಟ್ಟಡಗಳ ಮಟ್ಟಿಗೆ ನೋಟಿಸು ಮತ್ತು ಪರವಾನಗಿ ಪಡೆದ ಜಾರಿ ಏಜೆಂಟರ ಮೂಲಕ ನಡೆಯುವ ಹೊಸ ವ್ಯವಸ್ಥೆ ಅದರ ಜಾಗಕ್ಕೆ ಬಂದಿದೆ. ಬ್ರಿಟಿಷರು ಈ ರೂಢಿಯನ್ನು ಭಾರತಕ್ಕೂ ತಂದರು, ಆದರೆ ಪ್ರೆಸಿಡೆನ್ಸಿ ಪಟ್ಟಣಗಳಿಗಷ್ಟೇ. 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟುಗಳ ಕಾಯ್ದೆಯ 8ನೇ ಅಧ್ಯಾಯ ಬಾಡಿಗೆ ಜಪ್ತಿಗೆ ಮೀಸಲು. ಅಲ್ಲಿಯೂ ಮಾಲೀಕ ಪ್ರಮಾಣಪತ್ರ ಸಲ್ಲಿಸಬೇಕು, ಕೋರ್ಟು ವಾರಂಟ್ ಕೊಡಬೇಕು, ಬೇಲಿಫ್ ಹೋಗಬೇಕು. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಜಪ್ತಿ. ಮೈಸೂರು ಸಂಸ್ಥಾನಕ್ಕೆ ಈ ಅಧ್ಯಾಯ ಕಾಲಿಡಲೇ ಇಲ್ಲ. ಹಾಗಾಗಿ ಶಿವಮೊಗ್ಗದ ಮಂಡಿ ಮಾಲೀಕನಿಗೆ ಅಡಿಕೆ ಚೀಲದ ಮೇಲೆ ಬಾಡಿಗೆಯ ಲೆಕ್ಕದಲ್ಲಿ ಕೈ ಇಡುವ ಅಧಿಕಾರ ಹುಟ್ಟಲೇ ಇಲ್ಲ.

ಬಾಡಿಗೆ ಸಂಬಂಧದ ಮೂಲ ಚೌಕಟ್ಟು 1882ರ ಆಸ್ತಿ ವರ್ಗಾವಣೆ ಕಾಯ್ದೆಯದು. ತಿಂಗಳ ಬಾಡಿಗೆಯ ಅಂಗಡಿಯಾದರೆ 106ನೇ ಕಲಮಿನಂತೆ 15 ದಿನಗಳ ನೋಟಿಸು ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು. ನೋಟಿಸಿನ ಒಂದೆರಡು ದಿನದ ಲೆಕ್ಕ ತಪ್ಪಿತೆಂಬ ಕಾರಣಕ್ಕೇ ದಾವೆ ಬಿದ್ದುಹೋಗುವ ಪರಿಪಾಠ ಬಹುಕಾಲ ನಡೆಯಿತು. 2002ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿ ಆ ತಾಪತ್ರಯವನ್ನು ಬಹುಮಟ್ಟಿಗೆ ತಪ್ಪಿಸಿತು. ಸಾಮಾನಿನ ವಿಚಾರಕ್ಕೆ ಹೆಚ್ಚು ಮುಖ್ಯವಾದದ್ದು 108ನೇ ಕಲಂ. ಬಾಡಿಗೆದಾರ ತಾನು ನೆಲಕ್ಕೆ, ಗೋಡೆಗೆ ಕೂರಿಸಿದ್ದನ್ನೆಲ್ಲ ಜಾಗ ತನ್ನ ಸ್ವಾಧೀನದಲ್ಲಿರುವಷ್ಟು ಕಾಲ ಬಿಚ್ಚಿಕೊಂಡು ಹೋಗಬಹುದು, ಬಾಡಿಗೆ ಅವಧಿ ಮುಗಿದ ಮೇಲೂ. ಕಟ್ಟಡವನ್ನು ಮಾತ್ರ ಮೊದಲಿದ್ದ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು. ಗೋಡೆಗೆ ಹೊಡೆದ ಕಪಾಟು, ಷೋಕೇಸು, ಹೋಟೆಲಿನ ಒಲೆಯ ಮೇಲಿನ ಹೊಗೆ ಕೊಳವೆ ಎಲ್ಲವೂ ಈ ಮಾತಿನೊಳಗೆ ಬರುತ್ತವೆ. ಅವಧಿ ಮುಗಿದ ಮರುದಿನವೇ ಒಳಗಿರುವುದೆಲ್ಲ ತನ್ನದೆಂದು ಮಾಲೀಕ ತಿಳಿದರೆ ಅದಕ್ಕೆ ಈ ಕಾಯ್ದೆಯ ಆಧಾರವಿಲ್ಲ.

ನೋಟಿಸು ಮುಗಿದರೂ ಸ್ವಾಧೀನ ಮುಗಿಯುವುದಿಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಭಾರತದಲ್ಲಿ ಬಲವಂತದಿಂದ ಸ್ವಾಧೀನ ಪಡೆಯಲು ಯಾರಿಗೂ ಅನುಮತಿಯಿಲ್ಲ, ಹಕ್ಕಿದ್ದವನೂ ಕೋರ್ಟಿನ ಮೂಲಕವೇ ಪಡೆಯಬೇಕು ಎಂದು ಪ್ರಿವಿ ಕೌನ್ಸಿಲ್ 1924ರಲ್ಲಿ ಮಿಡ್ನಾಪುರ ಜಮೀನ್ದಾರಿ ಕಂಪನಿಯ ಪ್ರಕರಣದಲ್ಲಿ ಹೇಳಿತು. ಸುಪ್ರೀಂ ಕೋರ್ಟು ಅದೇ ಜಾಡಿನಲ್ಲಿ ಲಲ್ಲು ಯಶವಂತ ಸಿಂಗ್ ಪ್ರಕರಣದಲ್ಲೂ 1989ರಲ್ಲಿ ಕೃಷ್ಣರಾಮ ಮಹಾಲೆ ಪ್ರಕರಣದಲ್ಲೂ ನಡೆಯಿತು. ಇದಕ್ಕೆ ಬಲ ಕೊಡುವ ಶಾಸನವೂ ಇದೆ. ಮೊದಲು 1877ರ ನಿರ್ದಿಷ್ಟ ಪರಿಹಾರ ಕಾಯ್ದೆಯ 9ನೇ ಕಲಮಿನಲ್ಲಿದ್ದು ಈಗ 1963ರ ಕಾಯ್ದೆಯ 6ನೇ ಕಲಂ ಆಗಿರುವ ನಿಯಮ ಅದು. ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟವನು ದಾವೆ ಹೂಡಿದರೆ ಜಾಗ ಯಾರದೆಂಬ ಪ್ರಶ್ನೆಯನ್ನೇ ಎತ್ತದೆ ಸ್ವಾಧೀನ ವಾಪಸು ಕೊಡಿಸಬಹುದು. ನಿಜವಾದ ಮಾಲೀಕನೇ ಹೊರಹಾಕಿದ್ದರೂ ಇದೇ ಫಲ.

ಅಪರಾಧ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಳ್ಳತನ ಪೂರ್ತಿಯಾಗಲು ಮಾಲು ದೂರ ಸಾಗಬೇಕಿಲ್ಲ. ಅಪ್ರಾಮಾಣಿಕ ಉದ್ದೇಶದಿಂದ, ಸ್ವಾಧೀನದಲ್ಲಿಟ್ಟುಕೊಂಡವನ ಒಪ್ಪಿಗೆಯಿಲ್ಲದೆ, ತೆಗೆದುಕೊಳ್ಳಲೆಂದು ಸ್ವಲ್ಪ ಕದಲಿಸಿದರೂ ಸಾಕು. ಬಾಕಿ ಕೊಡಲಿ ಎಂದು ಒತ್ತಾಯಿಸುವುದಕ್ಕೆ ಸಾಲಗಾರನ ಮಾಲನ್ನು ಎತ್ತಿಕೊಂಡು ಹೋದರೂ ಕಳ್ಳತನವೇ ಎಂದು 1895ರಲ್ಲಿ ಕಲ್ಕತ್ತಾ ಹೈಕೋರ್ಟಿನ ಪೂರ್ಣ ಪೀಠ ತೀರ್ಪು ಕೊಟ್ಟಿತು. ಬಾಡಿಗೆ ತಂದರೆ ಸಾಮಾನು ಕೊಡುತ್ತೇನೆ ಎನ್ನುವ ಮಾಲೀಕ ಈ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರುಗಳಲ್ಲಿ ಜಾಗದ ಅಭಾವ ಹೆಚ್ಚಿ ಬಾಡಿಗೆ ನಿಯಂತ್ರಣ ಬಂತು. ಭದ್ರಾವತಿಗೆ ಆ ಹೊತ್ತಿಗಾಗಲೇ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಬಂದಿದ್ದು, ಕೂಲಿಕಾರರ ಜತೆ ಅಂಗಡಿಗಳೂ ಬೆಳೆದಿದ್ದವು. ಮೈಸೂರಿನಲ್ಲಿ 1951ರ ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯ್ದೆ ಇತ್ತು. 1956ರ ಏಕೀಕರಣದಿಂದ ಮುಂಬಯಿ, ಮದರಾಸು, ಹೈದರಾಬಾದುಗಳ ಬಾಡಿಗೆ ಕಾನೂನುಗಳೂ ಒಂದೇ ರಾಜ್ಯದೊಳಗೆ ಸೇರಿ ಗೊಂದಲವಾಯಿತು. ಅವನ್ನೆಲ್ಲ ಒಂದುಗೂಡಿಸಿದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ 21ನೇ ಕಲಂ ಮಾಲೀಕನಿಗಲ್ಲದೆ ಕೋರ್ಟಿಗೂ ಕಡಿವಾಣ ಹಾಕಿತು: ಬಾಡಿಗೆ ಬಾಕಿ, ಒಳಬಾಡಿಗೆ, ಸ್ವಂತ ಉಪಯೋಗ, ಕೆಡವಿ ಕಟ್ಟುವುದು ಮುಂತಾದ ಪಟ್ಟಿ ಮಾಡಿದ ಕಾರಣಗಳಿಲ್ಲದೆ ಖಾಲಿ ಮಾಡಿಸುವ ಆದೇಶ ಕೊಡುವಂತಿಲ್ಲ. 29ನೇ ಕಲಂ ಬಾಡಿಗೆದಾರನನ್ನೂ ಬಿಡಲಿಲ್ಲ, ವ್ಯಾಜ್ಯ ನಡೆಯುವಾಗ ಬಾಡಿಗೆಯನ್ನು ಠೇವಣಿ ಇಡಬೇಕೆಂದಿತು. ಈ ಕಾಯ್ದೆ 2001ರ ಕೊನೆಯವರೆಗೆ ಬಾಳಿತು.

ಡಿಕ್ರಿಯಾದ ಮೇಲೆ ಸಾಮಾನು ನಿಜವಾಗಿ ಹೊರಬರುವುದು ಅಮಲ್ಜಾರಿ ಅರ್ಜಿಯಿಂದ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮ ಇದರ ತಳಹದಿ. ಕೋರ್ಟಿನ ಅಮೀನ ಡೆಲಿವರಿ ವಾರಂಟ್ ಹಿಡಿದು ಮಳಿಗೆಗೆ ಬರುತ್ತಾನೆ. ಬಾಗಿಲು ತೆಗೆಯದಿದ್ದರೆ ಬೀಗ ಒಡೆಯುವ, ಅಗುಳಿ ಕೀಳುವ, ಬಾಗಿಲು ಮುರಿಯುವ ಅಧಿಕಾರ ಅವನಿಗಿದೆ. ಒಳಗೆ ಗೋಷಾ ಪದ್ಧತಿಯ ಹೆಂಗಸರಿದ್ದರೆ ಮೊದಲು ಎಚ್ಚರಿಕೆ ಕೊಟ್ಟು ಹೊರಗೆ ಹೋಗಲು ಅನುವು ಮಾಡಿಕೊಡಬೇಕೆಂದೂ ನಿಯಮ ಹೇಳುತ್ತದೆ. ವಿಚಿತ್ರವೆಂದರೆ ಬೀಗ, ಬಾಗಿಲು, ಅಗುಳಿಗಳ ಬಗ್ಗೆ ಇಷ್ಟು ಹೇಳುವ ನಿಯಮ ಒಳಗಿರುವ ಸರಕಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆ ಕೊರತೆಯನ್ನು ರೂಢಿ ತುಂಬಿದೆ. ಪಂಚರನ್ನು ಕರೆದು ಮಹಜರು ಬರೆಯುತ್ತಾರೆ. ತಕ್ಕಡಿ, ತೂಕದ ಬಟ್ಟು, ಗಲ್ಲಾಪೆಟ್ಟಿಗೆ, ತುಂಬಿದ ಚೀಲ, ಖಾಲಿ ಚೀಲ, ಗೋಡೆಯ ಗಡಿಯಾರ, ದೇವರ ಪಟ ಒಂದೊಂದೂ ಪಟ್ಟಿಯಲ್ಲಿ ಏರುತ್ತವೆ. ಬಾಡಿಗೆದಾರ ಎದುರಿದ್ದರೆ ಸಾಮಾನು ಅವನಿಗೇ ಒಪ್ಪಿಸಿ ರಶೀದಿ ಪಡೆಯುತ್ತಾರೆ, ಇಲ್ಲದಿದ್ದರೆ ಯಾರ ವಶಕ್ಕೆ ಕೊಟ್ಟರೆಂದು ಬರೆದು ಸಹಿ ಹಾಕಿಸುತ್ತಾರೆ. ಆಮೇಲೆ ಏನು ಕಳೆಯಿತು, ಏನು ಒಡೆಯಿತು ಎಂಬ ಜಗಳ ಬಂದಾಗ ಕೋರ್ಟು ನೋಡುವುದು ಈ ಮಹಜರನ್ನೇ. ಮಾಲೀಕ ರಾತ್ರೋರಾತ್ರಿ ಆಳುಗಳನ್ನಿಟ್ಟು ಎತ್ತಿಸಿದ ಸಾಮಾನಿಗೆ ಇಂಥ ಪಟ್ಟಿಯಿರುವುದಿಲ್ಲ. ಅಂಥ ವ್ಯಾಜ್ಯಗಳಲ್ಲಿ ಬಾಡಿಗೆದಾರ ಹೇಳಿದ ಲೆಕ್ಕವನ್ನು ಅಲ್ಲಗಳೆಯುವುದು ಮಾಲೀಕನಿಗೆ ಕಷ್ಟ.

ಬಾಡಿಗೆ ಬಾಕಿಯ ಹಣಕ್ಕಾಗಿ ಸರಕನ್ನು ಜಪ್ತಿ ಮಾಡಿಸುವುದು ಬೇರೆಯೇ ಕ್ರಮ, ಅದಕ್ಕೆ ಹಣದ ಡಿಕ್ರಿ ಬೇಕು. ಆಗಲೂ ಅದೇ ಸಂಹಿತೆಯ 60ನೇ ಕಲಂ ಕೆಲವನ್ನು ಜಪ್ತಿಯಿಂದ ಕಾಪಾಡುತ್ತದೆ: ಕುಶಲಕರ್ಮಿಯ ಉಪಕರಣಗಳು, ಲೆಕ್ಕದ ಪುಸ್ತಕಗಳು. ಬಾಡಿಗೆದಾರ ಸರಕನ್ನೆಲ್ಲ ಸಾಗಿಸಿ ಪರಾರಿಯಾಗುವ ಸೂಚನೆ ಕಂಡರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಲು 38ನೇ ಆದೇಶದಲ್ಲಿ ದಾರಿಯಿದೆ.

ಖಾಸಗಿ ಮಾಲೀಕನಿಗೆ ಕೊಡದ ಅಧಿಕಾರವನ್ನು ಸರ್ಕಾರ ತನಗೆ ತಾನೇ ಕೊಟ್ಟುಕೊಂಡಿದೆ. 1971ರ ಕೇಂದ್ರ ಸಾರ್ವಜನಿಕ ಕಟ್ಟಡಗಳ ಕಾಯ್ದೆಯಂತೆ ಎಸ್ಟೇಟ್ ಅಧಿಕಾರಿಯೇ ತೆರವಿನ ಆದೇಶ ಮಾಡುತ್ತಾನೆ. ತೆರವಾದ ಮೇಲೆ ಉಳಿದ ಸಾಮಾನಿಗೆ 14 ದಿನಗಳ ನೋಟಿಸು ಕೊಟ್ಟು, ಸ್ಥಳೀಯವಾಗಿ ಓದುವ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಅದನ್ನು ಸಾಗಿಸಬಹುದು ಅಥವಾ ಹರಾಜು ಹಾಕಬಹುದು. ಬೇಗ ಕೊಳೆಯುವ ಮಾಲಿಗೆ ನೋಟಿಸೂ ಬೇಕಿಲ್ಲ. ಹರಾಜಿನ ಹಣದಲ್ಲಿ ಖರ್ಚು, ಬಾಕಿ ಕಳೆದು ಉಳಿದದ್ದು ಸಾಮಾನಿನ ಒಡೆಯನಿಗೆ. ಕರ್ನಾಟಕವೂ 1974ರಲ್ಲಿ ಅದೇ ಮಾದರಿಯ ಕಾಯ್ದೆ ಮಾಡಿತು. ಭದ್ರಾವತಿಯಲ್ಲಿ ಕೇಂದ್ರ ಕಾಯ್ದೆಯ ಪರಿಣಾಮ ಸಣ್ಣದಲ್ಲ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾದಾಗ ಅದಕ್ಕೆ ಸೇರಿದ ಕಟ್ಟಡಗಳು ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬರುವಂತಾದವು. 1990ರಲ್ಲಿ ಅಶೋಕ ಮಾರ್ಕೆಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಕಾಯ್ದೆ ಬಾಡಿಗೆ ನಿಯಂತ್ರಣ ಕಾಯ್ದೆಗಳನ್ನು ಮೀರುತ್ತದೆಂದು ಹೇಳಿತು. ಒಂದೇ ಊರಿನಲ್ಲಿ, ಒಂದೇ ಬಗೆಯ ವ್ಯಾಪಾರದಲ್ಲಿ, ಮಾಲೀಕ ಯಾರೆಂಬುದರ ಮೇಲೆ ಅಂಗಡಿಯವನ ರಕ್ಷಣೆ ಹೀಗೆ ಬದಲಾಯಿತು. ಇದು ನ್ಯಾಯವೆಂದು ಒಪ್ಪುವುದು ಕಷ್ಟ.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂಗಡಿಗಳನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಅನುಸೂಚಿಯಲ್ಲಿರುವ ಊರುಗಳಲ್ಲಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ವಾಣಿಜ್ಯ ಮಳಿಗೆಗಳಿಗೆ ಮಾತ್ರ ಅದರ ರಕ್ಷಣೆ. ಅದಕ್ಕಿಂತ ದೊಡ್ಡ ಅಂಗಡಿ, ಗೋದಾಮು, ಹೋಟೆಲು ಹಾಗೂ ಅನುಸೂಚಿಗೆ ಸೇರದ ಹಳ್ಳಿಗಳ ರಸ್ತೆಬದಿಯ ಮಳಿಗೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಮರಳಿದವು. ಅಲ್ಲಿ ಕಾರಣ ಹೇಳದೆಯೂ ಖಾಲಿ ಮಾಡಿಸಬಹುದು, ಆದರೆ ನೋಟಿಸು, ದಾವೆ, ಅಮೀನ ಎಂಬ ಮೂರು ಮೆಟ್ಟಿಲು ತಪ್ಪುವುದಿಲ್ಲ. ಬಾಕಿಯಾದರೆ ಮಾಲೀಕನೇ ಬೀಗ ಹಾಕಿ ಸಾಮಾನು ಹೊರಗಿಡಬಹುದೆಂದು ಕರಾರು ಪತ್ರದಲ್ಲಿ ಟೈಪು ಮಾಡಿಸುವ ಅಭ್ಯಾಸ ಈಗ ಸಾಮಾನ್ಯ. ಬಾಡಿಗೆದಾರನ ಸಹಿ ಇದ್ದ ಮಾತ್ರಕ್ಕೆ ಅದು ಬಲಪ್ರಯೋಗಕ್ಕೆ ರಹದಾರಿಯಾಗುವುದಿಲ್ಲ. ಹಾಗೆ ಹೊರಹಾಕಲ್ಪಟ್ಟ ಅಂಗಡಿಯವನು ಜಾಗದ ಸ್ವಾಧೀನಕ್ಕಾಗಿ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. ಮಾಲೀಕ ಎತ್ತಿಕೊಂಡ ಸಾಮಾನನ್ನು ವಾಪಸು ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಟ್ಟಿದೆ.