ಕಾರಿನ ಧೂಳು

ಒಂದು ಶನಿವಾರ ನಮ್ಮ ಆಫೀಸಿನವರೆಲ್ಲ ಸೇರಿ ಒಂದು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಹೊಡೆದು ಬಂದೆವು. ಕೊನೆಗೆ ಒಂದೇ ಥರದ ಟೀ ಶರ್ಟು ಹಾಕಿಕೊಂಡು ಮಕ್ಕಳ ಜೊತೆ ಫೋಟೋ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯ ಹೇಳಿದ: "ಇದೆಲ್ಲ ಆ ಮಕ್ಕಳಿಗೋಸ್ಕರ ಅಂದ್ಕೋಬೇಡ ಮಾರಾಯ. ನಮಗೆ ಖುಷಿ ಆಗ್ಲಿ ಅಂತ ಮಾಡಿದ್ದು. ಪ್ರಪಂಚದಲ್ಲಿ ಯಾರೂ ಸುಮ್ಮನೆ ಒಳ್ಳೇದು ಮಾಡಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಅಂಥ ಫೋಟೋದ ಇನ್ನೊಂದು ಬದಿಯಲ್ಲೂ ನಿಂತವನು ನಾನು. ಊರಿನ ಶಾಲೆಯಲ್ಲಿದ್ದಾಗ ಯಾರೋ ದಾನಿಗಳು ನೋಟ್ ಪುಸ್ತಕ ಹಂಚಲು ಬಂದಿದ್ದರು. ಪುಸ್ತಕವನ್ನು ಎದೆಗೆ ಹಿಡಿದು, ಅವರ ಮುಖ ನೋಡಿ ನಗು ಅಂದರು, ನಕ್ಕೆ. ಪುಸ್ತಕ ನಿಜವಾಗಿ ಉಪಯೋಗಕ್ಕೆ ಬಂತು. ಆ ನಗು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಗೆಳೆಯನ ವಾದ ಹೊಸದೇನಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಮನುಷ್ಯ ಸ್ವಾರ್ಥಿ ಅಂತ ಬರೆದು ಹೆಸರಾದವನು. ಒಮ್ಮೆ ಆತ ಮುದುಕ ಭಿಕ್ಷುಕನಿಗೆ ಕಾಸು ಕೊಟ್ಟನಂತೆ. ಯಾಕೆ ಅಂತ ಕೇಳಿದರೆ, ಅವನ ಕಷ್ಟ ನೋಡಿ ನನಗೂ ಸಂಕಟ ಆಗುತ್ತಿತ್ತು, ಕಾಸು ಕೊಟ್ಟಾಗ ನನ್ನದೂ ಕಡಿಮೆಯಾಯ್ತು ಅಂದನಂತೆ. ಈ ಉತ್ತರವನ್ನು ಹಿಡಿದು ಹೊರಟರೆ ಯಾವ ಒಳ್ಳೆಯ ಕೆಲಸವನ್ನಾದರೂ ಸ್ವಾರ್ಥ ಅಂತ ಸಾಬೀತು ಮಾಡಬಹುದು.

ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ ನೆನಪಾಗೋದು ಮಂಗಳೂರಿನ ಕೊಡಿಯಾಲ್‌ಬೈಲ್. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು, ಬೈಲು ಅಂದರೆ ಗದ್ದೆ ಬಯಲು. ಈಗ ಅಲ್ಲಿ ಗದ್ದೆ ಇಲ್ಲ. ಕೋರ್ಟು, ಜೈಲು, ಕಾಲೇಜು, ಅಂಗಡಿ ಸಾಲು. ನೂರಮೂವತ್ತು ನಲವತ್ತು ವರ್ಷದ ಹಿಂದೆ ಇದೇ ಸುತ್ತಮುತ್ತ ಇಬ್ಬರು ಓಡಾಡುತ್ತಿದ್ದರು.

ಒಬ್ಬರು ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ವಿದ್ಯಾರ್ಥಿಗಳಿಗೆ, ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ನೆಲೆ ಮಾಡಿಕೊಟ್ಟರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅದು. ನನ್ನ ಗೆಳೆಯ ಇದಕ್ಕೂ ಒಂದು ಲೆಕ್ಕ ಹೇಳಬಹುದು: ಪಾದ್ರಿಗಳಲ್ವಾ, ಸ್ವರ್ಗ ಸಿಗುತ್ತೆ ಅಂತ ಮಾಡಿದ್ರು.

ಇನ್ನೊಬ್ಬರು ವಕೀಲ ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ಮಂಗಳೂರಿಗೆ ಬಂದು ವಕೀಲಿಕೆ ಹಿಡಿದವರು. ಬ್ರಹ್ಮಸಮಾಜದ ಪ್ರಭಾವ ಅವರ ಮೇಲಿತ್ತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಒಂದು ಶಾಲೆ ತೆರೆದರು. ಊರು ಸುಮ್ಮನಿರಲಿಲ್ಲ. ಶಾಲೆ ಜಾಗ ಬದಲಿಸಬೇಕಾಯಿತು. ಪಾಠ ಹೇಳಲು ಮೇಲ್ಜಾತಿಯ ಮಾಸ್ತರರು ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು. ದುಡಿಮೆಗೆ ಹೋಗಬೇಕಾದ ಮಕ್ಕಳು ಶಾಲೆಗೆ ಬರಬೇಕಲ್ಲ? ಅದಕ್ಕೆ ಮಧ್ಯಾಹ್ನದ ಊಟ, ಹಾಜರಾದವರಿಗೆ ಚಿಲ್ಲರೆ ಕಾಸು. ಸರ್ಕಾರದ ಬಿಸಿಯೂಟ ಬರುವುದಕ್ಕೆ ಎಷ್ಟೋ ದಶಕ ಮೊದಲಿನ ಮಾತು ಇದು. 1897ರಲ್ಲಿ ಕೋರ್ಟ್ ಗುಡ್ಡದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಓದಿನ ಜೊತೆ ನೇಯ್ಗೆ, ಮರಗೆಲಸವನ್ನೂ ಕಲಿಸಿದರು.

ಬದಲಿಗೆ ಅವರಿಗೆ ಸಿಕ್ಕಿದ್ದೇನು? ಸ್ವಜಾತಿಯವರ ಬಹಿಷ್ಕಾರ. ಕ್ಷೌರಿಕ ಬರಲಿಲ್ಲ, ಮಡಿವಾಳ ಬಟ್ಟೆ ಮುಟ್ಟಲಿಲ್ಲ. ದಾರಿಯಲ್ಲಿ ಕಲ್ಲು, ಬೈಗುಳ. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಬಹಿಷ್ಕಾರ ಹಾಕಿದ್ದು ರಂಗರಾಯರೊಬ್ಬರ ಮೇಲಲ್ಲ, ಇಡೀ ಮನೆಯ ಮೇಲೆ. ಹೆಂಡತಿ ಮಕ್ಕಳನ್ನು ಯಾರೂ ಒಪ್ಪಿಗೆ ಕೇಳಿರಲಿಕ್ಕಿಲ್ಲ. ನಿಸ್ವಾರ್ಥ ಅಂದಾಗ ನಾವು ಒಬ್ಬನ ಜೇಬು ಮಾತ್ರ ನೋಡುತ್ತೇವೆ. ಖರ್ಚು ಮನೆಯವರ ಲೆಕ್ಕದಿಂದಲೂ ಹೋಗಿರುತ್ತದೆ. ಆದರೂ ಊರಿಗೆ ಹೇಳಿದ್ದನ್ನು ಅವರು ಮನೆಯಲ್ಲೂ ನಡೆಸಿದರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿ, ಮರುಮದುವೆ ಮಾಡಿಸಿದರು. ಆಕೆ 1930ರ ದುಂಡು ಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಅಪ್ಪ ಅದನ್ನು ನೋಡಲಿಲ್ಲ. ಅವರು 1928ರ ಜನವರಿ 30ರಂದು ತೀರಿಕೊಂಡಿದ್ದರು.

ಹಾಗಾದರೆ ರಂಗರಾಯರಿಗೆ ಯಾವ ಆಸೆಯೂ ಇರಲಿಲ್ಲವೇ? ಇತ್ತು. ಅದನ್ನು ಅವರೇ ಹೇಳಿಕೊಂಡಿದ್ದರು, ಮಂಗಳೂರಿನವರಿಗೆ ಅದು ಇವತ್ತಿಗೂ ಬಾಯಿಪಾಠ. ತನ್ನ ಶಾಲೆಯಲ್ಲಿ ಕಲಿತ ಮಗು ಮುಂದೆ ಸರ್ಕಾರಿ ಕೆಲಸಕ್ಕೆ ಸೇರಬೇಕು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು. ಆಗ ಬದುಕು ಸಾರ್ಥಕ.

"ನೋಡಿದ್ಯಾ, ಅವರಿಗೂ ಸಾರ್ಥಕತೆ ಬೇಕಿತ್ತು" ಅಂತ ಗೆಳೆಯ ಚಪ್ಪಾಳೆ ತಟ್ಟಬಹುದು. ಸ್ವಲ್ಪ ನಿಲ್ಲಿ. ಆ ಚಿತ್ರವನ್ನು ಸರಿಯಾಗಿ ನೋಡಿ. ಕಾರು ನಿಲ್ಲುವುದಿಲ್ಲ. ಒಳಗಿದ್ದವನು ಇಳಿದು ಕಾಲಿಗೆ ಬೀಳುವುದಿಲ್ಲ, ಗಾಜು ಇಳಿಸಿ ನಮಸ್ಕಾರ ಕೂಡ ಹೇಳುವುದಿಲ್ಲ. ರಸ್ತೆ ಬದಿಯಲ್ಲಿ ನಿಂತ ಮುದುಕ ಯಾರು ಅಂತ ಅವನಿಗೆ ಗೊತ್ತೇ ಇಲ್ಲದಿರಬಹುದು. ಯಾರನ್ನು ಕಂಡರೆ ಊರು ದೂರ ಸರಿಯುತ್ತಿತ್ತೋ ಅವನು ಕಾರಿನಲ್ಲಿ, ಬ್ರಾಹ್ಮಣ ವಕೀಲ ಧೂಳಿನಲ್ಲಿ. ನನ್ನ ಶಾಲೆಯ ದಾನಿಗೆ ಬೇಕಾಗಿದ್ದದ್ದು ನನ್ನ ನಗು. ರಂಗರಾಯರಿಗೆ ಬೇಕಾಗಿದ್ದದ್ದು ಆ ಹುಡುಗ ತನ್ನನ್ನು ದಾಟಿ ಹೋಗುವುದು.

ಹಾಬ್ಸ್ ವಾದದ ತೂತು ಇರೋದು ಇಲ್ಲೇ. ಒಳ್ಳೆಯ ಕೆಲಸ ಮಾಡಿದರೆ ಖುಷಿಯಾಗುತ್ತದೆ, ನಿಜ. ಆದರೆ ಇನ್ನೊಬ್ಬನ ಏಳಿಗೆಯ ಬಗ್ಗೆ ಮೊದಲೇ ಕಾಳಜಿ ಇಲ್ಲದವನಿಗೆ ಆ ಖುಷಿ ಎಲ್ಲಿಂದ ಬರಬೇಕು? ರಂಗರಾಯರ ಆಸೆ ಈಡೇರಬೇಕಾದರೆ ಬೇರೆ ದಾರಿಯಿಲ್ಲ, ಆ ಮಗು ನಿಜವಾಗಿ ಕಾರಿನಲ್ಲಿ ಕೂರಲೇಬೇಕು. ಫೋಟೋ ತೆಗೆದರೆ ಸಾಲದು.

ಇನ್ನೊಂದು ಆಸೆಯೂ ಇತ್ತು. ತಾನು ಸತ್ತಾಗ ಹೆಣವನ್ನು ಊರಿನ ಮಲ ಹೊರುವ ಕೆಲಸ ಮಾಡುತ್ತಿದ್ದವರೇ ಹೊರಬೇಕು ಅಂತ. ಅವರು ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಕಾಲದಲ್ಲಿ ತನ್ನ ಕೊನೆಯ ಪಯಣವನ್ನೇ ಅವರ ಹೆಗಲಿಗೆ ಕೊಟ್ಟರು.

ಪೂರ್ತಿ ಸ್ವಾರ್ಥ ಬಿಟ್ಟ ಮನುಷ್ಯ ಇದ್ದಾನೋ ಇಲ್ಲವೋ, ಎದೆ ಬಗೆದು ನೋಡಲು ಆಗೋದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ಮಗುವಿಗೆ ಅದರ ಅಗತ್ಯವೂ ಇಲ್ಲ. ಅದಕ್ಕೆ ಬೇಕಾದದ್ದು ನಾಳೆಯೂ ಶಾಲೆಯ ಬಾಗಿಲು ತೆರೆದಿರುವುದು. ಕಲ್ಲು ಬಿದ್ದರೂ ರಂಗರಾಯರು ಆ ಬಾಗಿಲನ್ನು ಮುಚ್ಚಲಿಲ್ಲ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ. ಆದರೆ ಮುಂದಿನ ತಿಂಗಳು ನಾವಿಬ್ಬರೇ ಮತ್ತೆ ಆ ಶಾಲೆಗೆ ಹೋದೆವು, ಏಳನೇ ಕ್ಲಾಸಿನವರಿಗೆ ಗಣಿತ ಹೇಳಿಕೊಡಲು. ಈ ಸಲ ಫೋನು ಬ್ಯಾಗಿನಲ್ಲೇ ಇತ್ತು.