ವಿಜ್ಞಾನಿಗಳಿಗೆ ಭಾಷಣ ತರಬೇತಿ (ಕರ್ನಾಟಕದಲ್ಲಿ)

ವಿಷಯ ಗೊತ್ತಿಲ್ಲದ ಕೇಳುಗರಿಗೆ ತಮ್ಮ ಸಂಶೋಧನೆಯನ್ನು ಬಾಯಿಮಾತಿನಲ್ಲಿ ತಿಳಿಸಿಕೊಡುವುದನ್ನು ವಿಜ್ಞಾನಿಗಳಿಗೆ ಕಲಿಸುವ ಕೆಲಸ ಕರ್ನಾಟಕದಲ್ಲಿ ಬಹುಕಾಲ ಪ್ರತ್ಯೇಕ ಹೆಸರಿಲ್ಲದೆ ನಡೆಯಿತು. ಅದರ ಚರಿತ್ರೆಯನ್ನು ಕನ್ನಡ ವಿಜ್ಞಾನ ಸಾಹಿತ್ಯದ ಚರಿತ್ರೆಯೊಳಗೆ ಸೇರಿಸಿ ಹೇಳುವುದು ರೂಢಿ. ಇದರಿಂದ ಎರಡು ಗೊಂದಲಗಳಾಗಿವೆ: ಬರಹವೂ ಭಾಷಣವೂ ಒಂದೇ ಲೆಕ್ಕಕ್ಕೆ ಸೇರಿವೆ, ಜನರಿಗೆ ವಿಜ್ಞಾನ ತಿಳಿಸಿದ್ದಕ್ಕೂ ವಿಜ್ಞಾನಿಗೆ ಮಾತು ಕಲಿಸಿದ್ದಕ್ಕೂ ವ್ಯತ್ಯಾಸ ಉಳಿದಿಲ್ಲ.

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಹೊರತಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭವೆಂದು ಹೇಳುವುದುಂಟು. ಅದು ಬರಹದ ಆರಂಭ. ಮಾತಿನ ಮಟ್ಟಿಗೆ 1930ರ ದಶಕದ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಹೆಚ್ಚು ಮುಖ್ಯ. ಪ್ರಾಧ್ಯಾಪಕರು ಕಾಲೇಜಿನ ಆವರಣ ಬಿಟ್ಟು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಅವು ಕಿರುಹೊತ್ತಗೆಗಳಾಗಿ ಅಚ್ಚಾದುದರಿಂದ ಗ್ರಂಥಸೂಚಿಗಳಲ್ಲಿ ಪುಸ್ತಕಗಳಾಗಿಯೇ ದಾಖಲಾಗಿವೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಪುಸ್ತಕಕ್ಕೆ ಬರಲಿಲ್ಲ.

1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ಉಪನ್ಯಾಸ ನಡೆಸಿದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಂತು. ಇವು ವಿಜ್ಞಾನಿಗೆ ವೇದಿಕೆ ಒದಗಿಸಿದವು, ತರಬೇತಿಯನ್ನಲ್ಲ. ಹೊರದೇಶಗಳಲ್ಲೂ ತರಬೇತಿ ತಡವಾಗಿಯೇ ಬಂತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹೆಸರಾಂತ ಭಾಷಣಕಾರನಾದ ಮೈಕೆಲ್ ಫ್ಯಾರಡೆ ಮಾತಿನ ಕಲೆಯನ್ನು ತಾನಾಗಿಯೇ ಒಬ್ಬ ಶಿಕ್ಷಕನ ಬಳಿ ಕಲಿತಿದ್ದ. ಜನರೊಡನೆ ಮಾತಾಡುವುದನ್ನು ವಿಜ್ಞಾನಿಗಳು ಕಲಿಯಬೇಕೆಂದು ರಾಯಲ್ ಸೊಸೈಟಿಯ ವರದಿ ಹೇಳಿದ್ದು 1985ರಲ್ಲಿ.

ಈ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಕೃಷಿ ವಿಸ್ತರಣೆ, ಅಂದರೆ ಕೃಷಿ ಸಂಶೋಧನೆಯನ್ನು ರೈತರಿಗೆ ತಲುಪಿಸುವ ಕೆಲಸ. ಕರ್ನಾಟಕದಲ್ಲಿ ಮಾತನ್ನು ಪಠ್ಯವಾಗಿ, ಅಭ್ಯಾಸವಾಗಿ ಮೊದಲು ಕಲಿಸಿದ ವಿಜ್ಞಾನ ಶಾಖೆಗಳಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನ ಸಲ್ಲಬೇಕು. ಬೆಂಗಳೂರಿನ (1964) ಮತ್ತು ಧಾರವಾಡದ (1986) ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಸ್ತರಣಾ ಶಿಕ್ಷಣ ಒಂದು ವಿಭಾಗವೇ ಆಗಿದೆ. ಗುಂಪುಸಭೆ, ವಿಧಾನ ಪ್ರಾತ್ಯಕ್ಷಿಕೆ, ಫಲಿತಾಂಶ ಪ್ರಾತ್ಯಕ್ಷಿಕೆ, ಕ್ಷೇತ್ರೋತ್ಸವಗಳನ್ನು ನಡೆಸುವ ಬಗೆಯನ್ನು ಅಲ್ಲಿ ಹೇಳಿಕೊಡುತ್ತಾರೆ. ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ತಂಗಿ, ಕಲಿತದ್ದನ್ನು ರೈತರ ಎದುರು ಹೇಳಬೇಕು. ಧಾರವಾಡ ಆಕಾಶವಾಣಿಯ (1950) ಕೃಷಿ ಕಾರ್ಯಕ್ರಮಗಳು ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸಿದವು: ಕೇಳುಗರ ಮುಖ ಕಾಣದಿದ್ದರೂ ಅವರಿಗೆ ಅರ್ಥವಾಗುವಂತೆ ಹೇಳುವುದು.

ರೈತರ ಎದುರು ವಿಜ್ಞಾನ ಹೇಳುವ ಈ ಬಗೆಗೆ ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆ ಒಳ್ಳೆಯ ನಿದರ್ಶನ. ಸಮೀರವಾಡಿಯಲ್ಲಿ ಗೋದಾವರಿ ಸಕ್ಕರೆ ಕಾರ್ಖಾನೆಯ ಜೊತೆಗೇ ಕೆ.ಜೆ. ಸೋಮೈಯ ಆನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ಇದೆ. ಜಮಖಂಡಿ, ಮುಧೋಳ ಕಡೆಯ ನೀರಾವರಿ ಹೊಲಗಳಲ್ಲಿ ಸವಳು-ಜವಳು ದೊಡ್ಡ ತೊಂದರೆ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಲವಣಯುಕ್ತ ಎಂಬುದು ಪ್ರಯೋಗಾಲಯದ ಮಾತು. ಹೊಲದಲ್ಲಿ ಮಾತು ಶುರುವಾಗುವುದು ಮೇಲೆ ಹೆಪ್ಪುಗಟ್ಟಿದ ಬಿಳಿ ಪದರಿನಿಂದ. ಅಲ್ಲಿಂದ ಅತಿಯಾದ ನೀರು, ಬಸಿಗಾಲುವೆ, ಕೊನೆಗೆ ಆ ಅಂಕಿ. ಪ್ರಬಂಧದಲ್ಲಿ ಮೊದಲು ಬರುವುದು ಇಲ್ಲಿ ಕೊನೆಗೆ ಬರುತ್ತದೆ. ವಿಸ್ತರಣಾ ತರಬೇತಿಯ ತಿರುಳು ಈ ಕ್ರಮಪಲ್ಲಟವೇ.

2002ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಉತ್ತರ ಕರ್ನಾಟಕದ ಕಬ್ಬಿಗೂ ಹಬ್ಬಿದಾಗ ಈ ವಿದ್ಯೆ ನಿಜವಾದ ಪರೀಕ್ಷೆಗೊಳಗಾಯಿತು. ಎಲೆಯ ಅಡಿಭಾಗ ಬೆಳ್ಳಗಾಗುತ್ತಿತ್ತು. ಹೇನು ಸೋರಿಸಿದ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಕಟ್ಟುತ್ತಿತ್ತು. ಆಳೆತ್ತರ ಮೀರಿದ ಕಬ್ಬಿನೊಳಗೆ ಔಷಧ ಹೊಡೆಯುವುದು ಕಷ್ಟ. ಹೊಡೆದರೆ ಹೇನನ್ನು ತಿನ್ನುವ ಡೈಫಾ, ಮೈಕ್ರೋಮಸ್ ಕೀಟಗಳೂ ಸಾಯುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಈ ಪರಭಕ್ಷಕಗಳನ್ನು ಉಳಿಸುವ, ಬೆಳೆಸಿ ಬಿಡುವ ದಾರಿ ಹಿಡಿಯಿತು. ಆದರೆ ಡೈಫಾದ ಮರಿ ನೋಡಲು ಒಂದು ಹುಳುವೇ. ಹೇನಿನ ಗುಂಪಿನ ನಡುವೆಯೇ ಬಲೆ ನೇಯ್ದು ಕೂರುತ್ತದೆ. ಬೆಳೆ ಹಾಳಾಗುತ್ತಿರುವ ರೈತನಿಗೆ ಈ ಹುಳುವನ್ನು ಕೊಲ್ಲಬೇಡ, ಕೆಲವು ವಾರ ಕಾಯಿ ಎಂದು ಒಪ್ಪಿಸುವುದು ಕರಪತ್ರದಿಂದ ಆಗುವ ಕೆಲಸವಲ್ಲ. ಎಲೆ ಮಗುಚಿ ತೋರಿಸುತ್ತಲೇ ಹೇಳಬೇಕು.

ಮುಂದೆ ತರಬೇತಿ ಬೇರೆ ಶಾಖೆಗಳಿಗೂ ಹರಡಿತು. ಸಂಶೋಧನಾ ವಿದ್ಯಾರ್ಥಿ ತನ್ನ ಪ್ರಬಂಧದ ಸಾರವನ್ನು ಮೂರೇ ನಿಮಿಷದಲ್ಲಿ ಹೇಳುವ ಸ್ಪರ್ಧೆಯನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿತು; ಅದು ಹಲವು ದೇಶಗಳಿಗೆ ಮಾದರಿಯಾಯಿತು. ಕೃಷಿ ಶಿಕ್ಷಣದಲ್ಲೂ ಅದು ಪಠ್ಯವಾಗಿ ಮುಂದುವರಿಯಿತು: ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನರ ಸಮಿತಿ ರೂಪಿಸಿದ ಪಠ್ಯಕ್ರಮದಲ್ಲಿ ಸಂವಹನ ಕೌಶಲ ಮತ್ತು ವ್ಯಕ್ತಿತ್ವ ವಿಕಾಸ ಎಂಬ ಪಾಠವಿದೆ. ಸಾರ್ವಜನಿಕ ಭಾಷಣ, ಆಶುಭಾಷಣ, ಗುಂಪುಚರ್ಚೆ ಅದರ ಪ್ರಾಯೋಗಿಕ ಭಾಗಗಳು. ಕೃಷಿ ಪದವಿಯ ಬೋಧನೆ ಇಂಗ್ಲಿಷಿನಲ್ಲಿ, ಹಳ್ಳಿಯ ಕಾರ್ಯಾನುಭವ ಕನ್ನಡದಲ್ಲಿ. ಹೀಗಾಗಿ ತರಗತಿಯಲ್ಲಿ ಒಂದು ಭಾಷೆಯಲ್ಲಿ ಕಲಿತ ವಿಷಯವನ್ನು ಹೊಲದ ಬದುವಿನಲ್ಲಿ ಇನ್ನೊಂದರಲ್ಲಿ ಹೊಸದಾಗಿ ಕಟ್ಟಿಕೊಳ್ಳುವ ಹೊಣೆ ಈಗಲೂ ವಿದ್ಯಾರ್ಥಿಯದೇ ಆಗಿದೆ.