ಓರ್ಕರ ಹುಟ್ಟು: ಟೋಲ್ಕೀನನ ಪುರಾಣಲೋಕದ ಬಿಡಿಸದ ಗಂಟು

ಪುರಾಣವೆಂಬುದು ಒಬ್ಬನ ಕೈಯ ಕೆಲಸವಲ್ಲ. ಹಲವು ತಲೆಮಾರುಗಳ ಬಾಯಲ್ಲಿ ಬೆಳೆದು, ಹಲವು ಲಿಪಿಕಾರರ ಕೈಯಲ್ಲಿ ತಿದ್ದಿಸಿಕೊಂಡು ಬಂದುದರಿಂದಲೇ ಅದರಲ್ಲಿ ಪಾಠಾಂತರಗಳೂ ಪೂರ್ವೋತ್ತರ ವಿರೋಧಗಳೂ ಕಾಣಿಸಿಕೊಳ್ಳುತ್ತವೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಸಮಾಧಾನ ಹೇಳುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಒಬ್ಬನೇ ಮನುಷ್ಯನು ಒಂದೇ ಜೀವಮಾನದಲ್ಲಿ ಒಂದು ಇಡಿಯ ಪುರಾಣಲೋಕವನ್ನು ಕಟ್ಟಿದನು. ಅದರಲ್ಲಿಯೂ ಇವೇ ಪಾಠಾಂತರಗಳು, ಇವೇ ವಿರೋಧಗಳು ತಲೆದೋರಿದವು. ಆ ಲೋಕದ ಹೆಸರು ಮಿಡಲ್-ಅರ್ತ್. ಕಟ್ಟಿದವನು ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದ ಜೆ. ಆರ್. ಆರ್. ಟೋಲ್ಕೀನ್ (1892–1973). ಆ ಲೋಕವನ್ನು ಪ್ರೀತಿಸುವ ಓದುಗರು ಎಪ್ಪತ್ತು ವರ್ಷಗಳಿಂದ ಚರ್ಚಿಸುತ್ತ ಬಂದಿರುವ ಸಮಸ್ಯೆಗಳು ಅನೇಕ. ಟಾಮ್ ಬಾಂಬಡಿಲ್ ಎಂಬ ವನವಾಸಿ ಯಾರು? ಬಾಲ್‌ರೋಗ್ ಎಂಬ ಅಗ್ನಿಭೂತಕ್ಕೆ ರೆಕ್ಕೆಗಳುಂಟೋ ಇಲ್ಲವೋ? ಇವು ಬಹುಮಟ್ಟಿಗೆ ಕುತೂಹಲದ ಪ್ರಶ್ನೆಗಳು. ಒಂದು ಪ್ರಶ್ನೆ ಮಾತ್ರ ಅಷ್ಟಕ್ಕೆ ನಿಲ್ಲುವಂಥದಲ್ಲ: ಓರ್ಕರು ಎಲ್ಲಿಂದ ಬಂದರು?

ಕಥೆಯಲ್ಲಿ ಓರ್ಕರು ಕೇಡಿನ ಪಡೆಯ ಕಾಲಾಳುಗಳು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಗ್ರಂಥದಲ್ಲಿ ಅವರು ಸಾವಿರಗಟ್ಟಲೆ ಸಾಯುತ್ತಾರೆ, ಅವರಿಗಾಗಿ ಮರುಗುವವರಿಲ್ಲ. ಹೆಲ್ಮ್ಸ್ ಡೀಪ್ ಕೋಟೆಯ ಕಾಳಗದಲ್ಲಿ ಎಲ್ಫ್ ಕುಲದ ಲೆಗೊಲಸನೂ ಕುಬ್ಜಕುಲದ ಗಿಮ್ಲಿಯೂ ತಾವು ಕೆಡವಿದ ಶತ್ರುಗಳನ್ನು ಎಣಿಸುತ್ತ ಪಂದ್ಯ ಕಟ್ಟುತ್ತಾರೆ. ಕೊನೆಗೆ ಗಿಮ್ಲಿಯ ಲೆಕ್ಕ 42, ಲೆಗೊಲಸನದು 41. ಸತ್ತವರು ಆತ್ಮವಿಲ್ಲದ ಬೊಂಬೆಗಳಾಗಿದ್ದರೆ ಇದು ವೀರರ ವಿನೋದ. ಕೆಟ್ಟುಹೋದ ಎಲ್ಫರೋ ಮನುಷ್ಯರೋ ಆಗಿದ್ದರೆ ವಿನೋದವೆನ್ನುವುದು ಕಷ್ಟ. ಆದುದರಿಂದ ಓರ್ಕರ ವಂಶಾವಳಿಯ ವಿಚಾರವು ಧರ್ಮವಿಚಾರವೂ ಆಗುತ್ತದೆ. ಕನ್ನಡದಲ್ಲಿ ಬರೆಯುವವನಿಗೆ ಈ ತೊಡಕು ಮೊದಲ ವಾಕ್ಯದಲ್ಲಿಯೇ ಎದುರಾಗುತ್ತದೆ. ಕನ್ನಡದ ಲಿಂಗವ್ಯವಸ್ಥೆ ಅರ್ಥವನ್ನು ಅನುಸರಿಸತಕ್ಕದ್ದು. ವಿವೇಕವುಳ್ಳ ಜೀವಿಗೆ ಒಂದು ಬಗೆಯ ಬಹುವಚನ, ಪ್ರಾಣಿಗೂ ವಸ್ತುವಿಗೂ ಇನ್ನೊಂದು. ‘ಓರ್ಕರು ಬಂದರು’ ಎನ್ನಬೇಕೋ, ‘ಓರ್ಕುಗಳು ಬಂದವು’ ಎನ್ನಬೇಕೋ? ಇಂಗ್ಲಿಷು ಮುಚ್ಚಿಡಬಲ್ಲ ಪ್ರಶ್ನೆಯನ್ನು ಕನ್ನಡದ ವ್ಯಾಕರಣ ಮುಚ್ಚಿಡಲು ಬಿಡುವುದಿಲ್ಲ.

ಮೊದಲು ಹೆಸರನ್ನು ನೋಡಬಹುದು. ‘ಓರ್ಕ್’ ಎಂಬುದು ಭೂತ ಅಥವಾ ದೈತ್ಯ ಎಂಬ ಅರ್ಥದ ಪ್ರಾಚೀನ ಇಂಗ್ಲಿಷ್ ಶಬ್ದ. ಟೋಲ್ಕೀನನು 1936ರಲ್ಲಿ ಬ್ರಿಟಿಷ್ ಅಕಾಡೆಮಿಯಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸಕ್ಕೆ ವಿಷಯವಾದ ‘ಬೇವುಲ್ಫ್’ ಕಾವ್ಯದಲ್ಲಿ ಇದರ ಒಂದು ಸಮಸ್ತಪದವು ರಾಕ್ಷಸಜಾತಿಗಳ ಪಟ್ಟಿಯಲ್ಲಿ ಬರುತ್ತದೆ. ಆ ಕಾವ್ಯದ ಕ್ರೈಸ್ತ ಕವಿಗೂ ಇದೇ ಸಂದೇಹವಿದ್ದಂತೆ ತೋರುತ್ತದೆ. ಒಳ್ಳೆಯ ದೇವರ ಸೃಷ್ಟಿಯಲ್ಲಿ ಇಂಥವರು ಹುಟ್ಟಿದ್ದು ಹೇಗೆ? ತಮ್ಮನನ್ನು ಕೊಂದ ಕೇಯಿನನ ಸಂತತಿ ಇವರೆಂದು ಆ ಕವಿಯ ಉತ್ತರ. ಎಂದರೆ ರಾಕ್ಷಸನ ಮೂಲ ಮನುಷ್ಯನೇ, ಮೂಲದಲ್ಲಿರುವುದು ಭ್ರಾತೃಹತ್ಯೆ. ಟೋಲ್ಕೀನನು ಈ ಉತ್ತರವನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆದರೂ ಅವನು ಹೊರಟುದು ಬೇರೆ ದಾರಿಯಲ್ಲಿ.

1916ರಲ್ಲಿ ಸೊಮ್ ರಣರಂಗದಿಂದ ಕಂದಕಜ್ವರಪೀಡಿತನಾಗಿ ಇಂಗ್ಲೆಂಡಿಗೆ ಮರಳಿದ ಟೋಲ್ಕೀನನು ತನ್ನ ಪುರಾಣದ ಮೊದಲ ಕಥೆಗಳನ್ನು ಬರೆಯತೊಡಗಿದನು. ಗೊಂಡೊಲಿನ್ ಎಂಬ ಗುಪ್ತನಗರದ ಪತನದ ಕಥೆಯಲ್ಲಿ, ಕೇಡಿನ ಒಡೆಯನಾದ ಮೆಲ್ಕೊ ಭೂಗರ್ಭದ ಕಾವಿನಿಂದಲೂ ಕೆಸರಿನಿಂದಲೂ ಓರ್ಕರನ್ನು ಉಂಟುಮಾಡಿದನೆಂದಿದೆ. ಇದು ಸರಳವಾದ ಪಾಠ. ಶತ್ರುವು ಮಣ್ಣಿನ ಬೊಂಬೆ, ಕೊಂದರೆ ದೋಷವಿಲ್ಲ. ಆದರೆ ಪುರಾಣ ಬೆಳೆದಂತೆ ಅದರ ತತ್ತ್ವವೂ ಬಿಗಿಯಾಯಿತು. ಟೋಲ್ಕೀನನು ಶ್ರದ್ಧಾವಂತ ಕ್ಯಾಥೊಲಿಕನು. ಕೇಡಿಗೆ ಸ್ವತಂತ್ರ ಸತ್ತೆಯಿಲ್ಲ, ಅದು ಒಳಿತಿನ ಅಭಾವವೇ ಹೊರತು ಬೇರೆಯಲ್ಲ ಎಂಬುದು ಸಂತ ಅಗಸ್ಟೀನನಿಂದ ಬಂದ ಸಿದ್ಧಾಂತ. ಆ ಪ್ರಕಾರ ಜೀವಕೊಡುವ ಶಕ್ತಿ ಏಕೈಕ ದೇವನಾದ ಎರು ಇಲುವಾತಾರನಿಗೆ ಮಾತ್ರ ಸಲ್ಲತಕ್ಕದ್ದು. ಔಲೆ ಎಂಬ ಶಿಲ್ಪಿದೇವತೆ ಆತುರಪಟ್ಟು ಕುಬ್ಜರನ್ನು ನಿರ್ಮಿಸಿದಾಗ ಅವರು ಅವನು ನೆನೆದಂತೆ ಮಾತ್ರ ಅಲುಗಾಡುವ ಬೊಂಬೆಗಳಾಗಿದ್ದರು. ಇಲುವಾತಾರನು ಕರುಣಿಸಿದ ಮೇಲೆಯೇ ಅವರಿಗೆ ಸ್ವಂತ ಬಾಳು ಬಂದಿತು. ಒಳ್ಳೆಯ ದೇವತೆಗೇ ಆಗದ ಕಾರ್ಯ ಕೆಟ್ಟವನಿಗೆ ಆಗುವುದುಂಟೆ? ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಗ್ರಂಥದಲ್ಲಿ ನಾಯಕನಾದ ಫ್ರೋಡೊ ಇದನ್ನೇ ಹೇಳುತ್ತಾನೆ: ಕತ್ತಲೆಯು ಅಣಕಿಸಬಲ್ಲದು, ಹೊಸತನ್ನು ಹುಟ್ಟಿಸಲಾರದು.

ಆದರೆ ಅದೇ ಗ್ರಂಥದಲ್ಲಿ ಟ್ರೀಬಿಯರ್ಡ್ ಎಂಬ ವೃಕ್ಷವೃದ್ಧನು, ಓರ್ಕರು ಎಲ್ಫರ ಅಣಕವಾಗಿ ಮಾಡಲ್ಪಟ್ಟವರೆಂದು ಹೇಳಿರುವನು. 1954ರಲ್ಲಿ ಆಕ್ಸ್‌ಫರ್ಡಿನ ಕ್ಯಾಥೊಲಿಕ್ ಪುಸ್ತಕವ್ಯಾಪಾರಿಯೊಬ್ಬನು ಈ ಮಾತನ್ನು ಹಿಡಿದು, ಕೇಡಿಗೆ ಸೃಷ್ಟಿಶಕ್ತಿ ಹೇಗೆ ಬಂದಿತೆಂದು ಗ್ರಂಥಕರ್ತನಿಗೇ ಬರೆದು ಕೇಳಿದನು. ಟೋಲ್ಕೀನನು ದೀರ್ಘವಾದೊಂದು ಉತ್ತರದ ಕರಡನ್ನು ಬರೆದು ಕಳುಹಿಸದೆ ಉಳಿಸಿದನು. ಅದರಲ್ಲಿ ಎರಡು ಸಮಾಧಾನಗಳಿವೆ. ಟ್ರೀಬಿಯರ್ಡನು ಕಥೆಯ ಒಂದು ಪಾತ್ರ, ಅವನಿಗೆ ತಿಳಿಯದ ಸಂಗತಿಗಳು ಬಹಳ ಎಂಬುದು ಒಂದು. ಸೃಜಿಸುವುದು ಬೇರೆ, ಇರುವುದನ್ನು ತಿರುಚಿ ಮಾಡುವುದು ಬೇರೆ ಎಂಬುದು ಇನ್ನೊಂದು. ಅದೇ ಕರಡಿನಲ್ಲಿ ಓರ್ಕರನ್ನು ಸ್ವಭಾವತಃ ಕೆಟ್ಟವರೆಂದು ಬರೆದು, ‘ಉದ್ಧಾರವಾಗಲಾರದಷ್ಟು’ ಎಂದು ಬರೆಯಲಿದ್ದುದನ್ನು ಅತಿಯಾದೀತೆಂದು ತಡೆದುಕೊಂಡುದಾಗಿಯೂ ಹೇಳಿದ್ದಾನೆ. ಈ ತಡೆಯೇ ಮುಂದಿನ ಇಪ್ಪತ್ತು ವರ್ಷಗಳ ತೊಳಲಾಟದ ಬೀಜ.

ಹಾಗಾದರೆ ತಿರುಚಲ್ಪಟ್ಟವರು ಯಾರು? ಎಲ್ಫರೆಂಬುದು ಮೊದಲ ಪಕ್ಷ. ಮಗನಾದ ಕ್ರಿಸ್ಟೊಫರ್ ಟೋಲ್ಕೀನನು ತಂದೆಯ ಮರಣಾನಂತರ ಸಂಪಾದಿಸಿ 1977ರಲ್ಲಿ ಪ್ರಕಟಿಸಿದ ‘ದಿ ಸಿಲ್ಮರಿಲಿಯನ್’ ಗ್ರಂಥದಲ್ಲಿ ಇರುವುದು ಈ ಪಾಠ. ನಕ್ಷತ್ರಗಳ ಬೆಳಕಿನಲ್ಲಿ ಎಚ್ಚೆತ್ತ ಮೊದಲ ಎಲ್ಫರಲ್ಲಿ ಕೆಲವರನ್ನು ಮೆಲ್ಕೋರನು ಸೆರೆಹಿಡಿದು, ಉತುಮ್ನೊ ಎಂಬ ಪಾತಾಳದುರ್ಗದಲ್ಲಿ ಹಿಂಸಿಸಿ ಕೆಡಿಸಿದನೆಂದೂ, ಓರ್ಕರು ಅವರ ಸಂತತಿಯೆಂದೂ ಜ್ಞಾನಿಗಳ ನಂಬಿಕೆಯಾಗಿ ಅಲ್ಲಿ ಹೇಳಿದೆ. ಆದರೆ ಇದರಲ್ಲಿ ದೊಡ್ಡ ತೊಡಕಿದೆ. ಎಲ್ಫರು ಮುಪ್ಪಿನಿಂದ ಸಾಯತಕ್ಕವರಲ್ಲ. ಕೊಲ್ಲಲ್ಪಟ್ಟರೆ ಅವರ ಆತ್ಮ ಮಾಂಡೋಸನ ಮಂದಿರವನ್ನು ಸೇರಿ ಪುನಃ ದೇಹಧಾರಣೆ ಮಾಡಬಲ್ಲದು. ಓರ್ಕರಿಗೂ ಇದು ಸಲ್ಲುವುದೆ? ಗ್ರಂಥಗಳಲ್ಲಿ ದೊರೆಯುವ ಸಾಕ್ಷ್ಯ ಅಲ್ಪ. ಅಜೋಗನೆಂಬ ಓರ್ಕನು ಮೂರನೆಯ ಯುಗದ 2799ರಲ್ಲಿ ಹತನಾದನು. ಅವನ ಮಗ ಬೋಲ್ಗನು 2941ರ ಯುದ್ಧದಲ್ಲಿ ಸೇನಾನಾಯಕನು. ಎಂದರೆ ಕನಿಷ್ಠ 140 ವರ್ಷಗಳ ಆಯುಸ್ಸು. ಆದರೆ ಟೋಲ್ಕೀನನ ಉತ್ತರಕಾಲದ ಒಂದು ಲೇಖನದಲ್ಲಿ ಓರ್ಕರು ಉತ್ತಮ ಕುಲದ ಮನುಷ್ಯರಿಗಿಂತ ಅಲ್ಪಾಯುಗಳೆಂದಿದೆ. ಎರಡನ್ನೂ ಕೂಡಿಸುವುದು ಸುಲಭವಲ್ಲ. ಎಲ್ಫರ ಮೂಲವನ್ನು ಹೇಳುವ ಹಸ್ತಪ್ರತಿಯ ಅಂಚಿನಲ್ಲಿ ಟೋಲ್ಕೀನನೇ, ಇದನ್ನು ಬದಲಿಸತಕ್ಕದ್ದು, ಓರ್ಕರು ಎಲ್ಫರಲ್ಲ ಎಂದು ಗುರುತು ಹಾಕಿದ್ದನೆಂಬುದು 1993ರಲ್ಲಿ ‘ಮೊರ್ಗೋತ್ಸ್ ರಿಂಗ್’ ಸಂಪುಟ ಪ್ರಕಟವಾದಾಗ ತಿಳಿದುಬಂದಿತು. ಓದುಗರು ಹದಿನಾರು ವರ್ಷ ಪ್ರಮಾಣವೆಂದು ನಂಬಿದ್ದ ಪಾಠವನ್ನು ಗ್ರಂಥಕರ್ತನು ತನ್ನ ಮಟ್ಟಿಗೆ ಕೈಬಿಟ್ಟಿದ್ದನು.

ಎರಡನೆಯ ಪಕ್ಷ ಮನುಷ್ಯರದು. ಇದಕ್ಕೆ ಕಾಲಗಣನೆಯೇ ಅಡ್ಡಿ. ಪ್ರಕಟಿತ ಪಾಠದಂತೆ ಮನುಷ್ಯರು ಎಚ್ಚೆತ್ತುದು ಸೂರ್ಯನ ಪ್ರಥಮೋದಯದಲ್ಲಿ. ಓರ್ಕರಾದರೋ ಅದಕ್ಕೆ ಮುನ್ನವೇ ಯುದ್ಧ ಹೂಡಿದ್ದರು. ಮನುಷ್ಯರನ್ನು ಹಿಂದಕ್ಕೆ ಸರಿಸಬೇಕಾದರೆ ಸೂರ್ಯನನ್ನೂ ಹಿಂದಕ್ಕೆ ಸರಿಸಬೇಕು. ದೇವವೃಕ್ಷಗಳೆರಡು ನಾಶವಾದಾಗ ಉಳಿದ ಒಂದು ಹೂವು ಚಂದ್ರನಾಗಿಯೂ ಒಂದು ಹಣ್ಣು ಸೂರ್ಯನಾಗಿಯೂ ಏರಿದುವೆಂಬ, ಆ ಪುರಾಣದ ಅತ್ಯಂತ ಸುಂದರ ಕಥೆಯೇ ಆಗ ಕುಸಿಯುತ್ತದೆ. 1950ರ ದಶಕದ ಕೊನೆಗೆ ಟೋಲ್ಕೀನನು ಇದಕ್ಕೂ ಸಿದ್ಧನಾಗಿ, ಸೂರ್ಯನು ಆದಿಯಿಂದಲೂ ಇದ್ದನೆಂಬ ಹೊಸ ವಿಶ್ವರಚನೆಯ ಟಿಪ್ಪಣಿಗಳನ್ನು ಬರೆದನು, ಮುಗಿಸಲಿಲ್ಲ. ಒಂದು ಕುಲದ ಹುಟ್ಟನ್ನು ನೇರ್ಪಡಿಸಹೋದರೆ ಆಕಾಶವನ್ನೇ ಕಳಚಿ ಕಟ್ಟಬೇಕಾಗಿ ಬಂದ ಈ ಪರಿಸ್ಥಿತಿ ಪುರಾಣಸಂಪಾದನೆಯ ಇತಿಹಾಸದಲ್ಲಿ ಗಮನಾರ್ಹವಾದುದು.

ಮೂರನೆಯ ಪಕ್ಷ ಮೃಗಗಳದು: ಓರ್ಕರು ಮಾತು ಕಲಿತ ಮೃಗಗಳು, ಮಾತಾಡುವುದು ಆತ್ಮಕ್ಕೆ ನಿಶ್ಚಿತ ಸಾಕ್ಷಿಯಲ್ಲ. ಈ ಪಕ್ಷವನ್ನು ಖಂಡಿಸುವುದು ಟೋಲ್ಕೀನನ ಸ್ವಂತ ಕಥೆಯೇ. ಕಿರಿತ್ ಉಂಗೊಲ್ ಕಣಿವೆಯಲ್ಲಿ ಶಾಗ್ರಟ್, ಗೋರ್ಬಗ್ ಎಂಬ ಇಬ್ಬರು ಓರ್ಕ್ ದಳಪತಿಗಳು ಮೇಲಧಿಕಾರಿಗಳನ್ನು ಬೈದುಕೊಳ್ಳುತ್ತಾರೆ. ಯುದ್ಧ ಮುಗಿದ ಮೇಲೆ ನಂಬಿಕೆಯ ಕೆಲವರೊಡನೆ ದೂರ ಹೋಗಿ ತಮ್ಮಷ್ಟಕ್ಕೆ ಇರುವ ಕನಸು ಕಾಣುತ್ತಾರೆ. ಬಿದ್ದ ಜೊತೆಗಾರನನ್ನು ಬಿಟ್ಟುಹೋದ ಶತ್ರುವನ್ನು ಅವರು ಹಳಿಯುವುದನ್ನು ಎತ್ತಿಹಿಡಿದು, ಓರ್ಕರಿಗೂ ಧರ್ಮಾಧರ್ಮಗಳ ಕಲ್ಪನೆಯಿದೆ, ಅದನ್ನು ತಮ್ಮ ನಡತೆಗೆ ಅನ್ವಯಿಸಿಕೊಳ್ಳುವುದು ಮಾತ್ರ ಅವರಿಂದಾಗದು ಎಂದು ವಿಮರ್ಶಕ ಟಾಮ್ ಶಿಪ್ಪಿ ತೋರಿಸಿದ್ದಾನೆ. ಆ ದೋಷವು ಮೃಗದ್ದಲ್ಲ; ಮನುಷ್ಯರಲ್ಲಿ ಸರ್ವಸಾಮಾನ್ಯವಾದುದು. 1944ರಲ್ಲಿ, ವಾಯುಸೇನೆಗೆ ಸೇರಿದ್ದ ಮಗ ಕ್ರಿಸ್ಟೊಫರನಿಗೆ ಬರೆದ ಪತ್ರದಲ್ಲಿ ಟೋಲ್ಕೀನನೇ, ನಿಜವಾದ ಯುದ್ಧದಲ್ಲಿ ಓರ್ಕರು ಎರಡು ಪಕ್ಷಗಳಲ್ಲಿಯೂ ಇರುತ್ತಾರೆಂದು ಹೇಳಿದ್ದನಲ್ಲವೆ?

ಕನ್ನಡ ಓದುಗರಿಗೆ ಈ ಜಿಜ್ಞಾಸೆ ಅಪರಿಚಿತವಲ್ಲ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ವು ಶ್ರೇಣಿಕ ಮಹಾರಾಜನ ಸಂದೇಹದಿಂದಲೇ ಆರಂಭವಾಗುತ್ತದೆ: ಬಲಾಢ್ಯರಾದ ರಾಕ್ಷಸರು ಕಪಿಗಳಿಂದ ಸೋತುದು ಹೇಗೆ, ಕುಂಭಕರ್ಣನು ತಿಂಗಳುಗಟ್ಟಲೆ ಮಲಗಿದುದು ನಿಜವೆ? ಗೌತಮ ಗಣಧರರ ಉತ್ತರದಲ್ಲಿ ರಾಕ್ಷಸರೂ ವಾನರರೂ ವಿದ್ಯಾಧರವಂಶದ ಮನುಷ್ಯರಾಗುತ್ತಾರೆ. ಆ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನು ಪಶ್ಚಾತ್ತಾಪಪಡಬಲ್ಲ ಉದಾತ್ತನು. ಆದರೆ ಜೈನಕವಿಗಳು ಹಳೆಯ ಕಥೆಯನ್ನು ತಮ್ಮ ತತ್ತ್ವಕ್ಕೆ ಒಗ್ಗಿಸಲು ಬೇರೊಂದು ಪುರಾಣವನ್ನೇ ಬರೆದರು. ಟೋಲ್ಕೀನನಿಗೆ ಆ ಸ್ವಾತಂತ್ರ್ಯ ಕುಗ್ಗಿತ್ತು. ಅವನ ಮುಖ್ಯಗ್ರಂಥ ಆಗಲೇ ಅಚ್ಚಾಗಿ ಸಾವಿರಾರು ಓದುಗರ ಕೈಸೇರಿತ್ತು.

ಅವನಿಗೆ ಉಳಿದಿದ್ದ ಒಂದು ಉಪಾಯವೆಂದರೆ ವಕ್ತೃಭೇದ. ‘ದಿ ಹಾಬಿಟ್’ (1937) ಕಥೆಯ ಮೊದಲ ಮುದ್ರಣದಲ್ಲಿ ಗೊಲ್ಲಮನು ಉಂಗುರವನ್ನು ಪಣವಾಗಿ ಕೊಡಲು ತಾನೇ ಒಪ್ಪಿದ್ದನು. 1951ರ ಪರಿಷ್ಕರಣದಲ್ಲಿ ಆ ಭಾಗ ಬದಲಾಯಿತು. ಹಳೆಯ ಪಾಠವನ್ನು ಟೋಲ್ಕೀನನು ಅಳಿಸಿಹಾಕದೆ, ಅದು ಬಿಲ್ಬೊ ತನ್ನ ದಿನಚರಿಯಲ್ಲಿ ಬರೆದಿಟ್ಟ ಸುಳ್ಳೆಂದು ಮುಂದಿನ ಗ್ರಂಥದಲ್ಲಿ ಹೇಳಿ, ದೋಷವನ್ನೇ ಕಥೆಯ ಸತ್ತ್ವವಾಗಿಸಿದನು. ಸೂತನು ಶೌನಕಾದಿಗಳಿಗೆ ಹೇಳಿದನೆಂಬ ಚೌಕಟ್ಟಿನಂತೆ, ಅವನ ಪುರಾಣದಲ್ಲಿಯೂ ಹೇಳುವವರು ಇದ್ದಾರೆ, ಅವರು ತಪ್ಪಬಲ್ಲರು. ‘ದಿ ಸಿಲ್ಮರಿಲಿಯನ್’ ಗ್ರಂಥವನ್ನು ಅಂಥ ಚೌಕಟ್ಟಿಲ್ಲದೆ ಪ್ರಕಟಿಸಿದುದು ಸರಿಯಾಗಲಿಲ್ಲವೆಂದು ಕ್ರಿಸ್ಟೊಫರನೇ ಮುಂದೆ ಒಪ್ಪಿದನು. 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ತಂದೆಯ ಹಸ್ತಪ್ರತಿಗಳನ್ನು ಪಾಠಾಂತರಗಳ ಸಮೇತ ಹೊರತಂದನು. ಓರ್ಕರ ಪ್ರಶ್ನೆಗೆ ಅಲ್ಲಿ ಏಕನಿರ್ಣಯ ದೊರೆಯುವುದಿಲ್ಲ. 1965ರಲ್ಲಿ ಕವಿ ಆಡೆನ್ನನಿಗೆ ಬರೆದ ಪತ್ರದಲ್ಲಿ ಟೋಲ್ಕೀನನು, ಓರ್ಕರ ಕಲ್ಪನೆ ಮತವಿರುದ್ಧವೋ ಅಲ್ಲವೋ ಎಂದು ಹೇಳುವಷ್ಟು ಧರ್ಮಶಾಸ್ತ್ರ ತನಗೆ ತಿಳಿಯದೆಂದು ಬಿಟ್ಟನು.

ಆದರೆ ಮೂಲ ನಿರ್ಣಯವಾಗದಿದ್ದರೂ ಆಚಾರ ನಿರ್ಣಯವಾಗಬಹುದೆಂಬುದಕ್ಕೆ ಅದೇ ಹಸ್ತಪ್ರತಿಗಳಲ್ಲಿ ಒಂದು ಲೇಖನ ಸಾಕ್ಷಿ. ಆದಿಯುಗದ ಜ್ಞಾನಿಗಳು ಕಲಿಸಿದ ನಿಯಮವೆಂದು ಟೋಲ್ಕೀನನು ಅಲ್ಲಿ ಬರೆದಿರುವುದರ ಸಾರ ಹೀಗಿದೆ: ಓರ್ಕರನ್ನು ಮೆಲ್ಕೋರನು ಸೃಜಿಸಿದವನಲ್ಲವಾದುದರಿಂದ ಅವರು ಮೂಲತಃ ಕೇಡಿನವರಲ್ಲ. ಅವರೊಡನೆ ಯುದ್ಧ ಅನಿವಾರ್ಯವಾದೀತು. ಅವರ ಕ್ರೌರ್ಯದಿಂದಲೇ ಅವರನ್ನು ಎದುರಿಸಕೂಡದು. ಸೆರೆಸಿಕ್ಕವರನ್ನು ಹಿಂಸಿಸಕೂಡದು. ಓರ್ಕನು ಶರಣುಬಂದು ಪ್ರಾಣಭಿಕ್ಷೆ ಬೇಡಿದರೆ, ನಷ್ಟವಾದರೂ ಕೊಡತಕ್ಕದ್ದು. ಯುದ್ಧದ ಭೀಕರತೆಯಲ್ಲಿ ಈ ನಿಯಮ ಯಾವಾಗಲೂ ನಡೆಯಲಿಲ್ಲವೆಂದೂ ಅಲ್ಲಿ ಸೇರಿಸಿದೆ. ಶರಣುಬರಬಲ್ಲವನಿಗೆ, ಬೇಡಬಲ್ಲವನಿಗೆ ಕನ್ನಡದಲ್ಲಿ ನಪುಂಸಕಲಿಂಗ ಹೊಂದುವುದಿಲ್ಲ. ‘ಓರ್ಕರು’ ಎಂಬ ರೂಪವೇ ಸಾಧುವೆಂದು ಈ ಒಂದು ನಿಯಮದ ಬಲದಿಂದ ಹೇಳಬಹುದು.